ಲೈಪೊಸಕ್ಷನ್‌ನಲ್ಲಿ "ಸ್ವಲ್ಪ ರಿಸ್ಕ್ ಇರುತ್ತೆ" ಅಂದ್ರೆ ಎಷ್ಟು, ಯಾವಾಗ?

ಸಂಜೆಮಲ್ಲಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಎರಡು ಹೆರಿಗೆ, ಎರಡೂ ಸಿಸೇರಿಯನ್. ಎರಡನೇ ಮಗು ಆದ ಮೇಲೆ ಕಷ್ಟಪಟ್ಟು ತೂಕ ಇಳಿಸಿದ್ದೇನೆ, ಈಗ ವರ್ಷದಿಂದ 71 ಕೆಜಿಯಲ್ಲೇ ನಿಂತಿದೆ. ಮುಖ, ತೋಳು ಎಲ್ಲಾ ಇಳಿದಿದೆ. ಕೆಳಹೊಟ್ಟೆ ಮತ್ತು ಸೊಂಟದ ಎರಡೂ ಬದಿ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ಒಂದು ಕಾಸ್ಮೆಟಿಕ್ ಸೆಂಟರಿಗೆ ಹೋಗಿ ಲೈಪೊಸಕ್ಷನ್ (ಚರ್ಮದ ಅಡಿಯ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದು) ಬಗ್ಗೆ ವಿಚಾರಿಸಿದೆ. ಮೊದಲು ಕೌನ್ಸೆಲರ್ ಒಬ್ಬರು ತುಂಬಾ ಹೊತ್ತು ಮಾತಾಡಿದರು, ಫೋಟೋ ತೋರಿಸಿದರು. ಆಮೇಲೆ ಡಾಕ್ಟರು ಬಂದು, ಮಲಗಿಸಿ ಹೊಟ್ಟೆ ಹಿಂಡಿ ನೋಡಿ, ಪೆನ್ನಲ್ಲಿ ಎರಡು ಗೆರೆ ಎಳೆದು ಹೋದರು. ಹೇಳಿದ್ದು ಇಷ್ಟು: ಹೊಟ್ಟೆ, ಸೊಂಟ, ತೊಡೆ ಮೂರನ್ನೂ ಒಂದೇ ಸಲ ಮಾಡಬಹುದು, ಐದಾರು ಲೀಟರ್ ತೆಗೆಯಬಹುದು, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು. ತೊಡೆ ನಾನು ಕೇಳಿರಲೇ ಇಲ್ಲ. "ಹೇಗೂ ಅನಸ್ತೇಸಿಯಾ ಕೊಡ್ತೀವಲ್ಲ, ಜೊತೆಗೇ ಮುಗಿಸಿಬಿಡಿ, ರಿಯಾಯಿತಿ ಇದೆ" ಅಂದರು. ತೆಗೆದ ಕೊಬ್ಬನ್ನು ಹಿಂಭಾಗಕ್ಕೆ ತುಂಬಿಸಿಕೊಳ್ಳುವ ಪ್ಯಾಕೇಜೂ ಇದೆಯಂತೆ.

ರಿಸ್ಕ್ ಏನು ಅಂತ ಕೇಳಿದ್ದಕ್ಕೆ "ಎಲ್ಲಾ ಆಪರೇಷನ್‌ಗೂ ಸ್ವಲ್ಪ ರಿಸ್ಕ್ ಇದ್ದೇ ಇರುತ್ತೆ ಮೇಡಂ" ಅಂತ ನಕ್ಕು ಒಂದು ಫಾರಂ ಕೈಗಿಟ್ಟರು. ಚರ್ಮದ ಕಲೆಯಿಂದ ಹಿಡಿದು ಸಾವಿನ ತನಕ ಎಲ್ಲಾ ಸಾಲಾಗಿ, ಒಂದೇ ಸೈಜಿನ ಅಕ್ಷರದಲ್ಲಿ. ಅದನ್ನು ಓದಿ ಏನು ತಿಳ್ಕೊಳ್ಳೋದು?

ನನ್ನ ಬಗ್ಗೆ ಹೇಳುವುದಾದರೆ, ಥೈರಾಯ್ಡ್ ಮಾತ್ರೆ ಮತ್ತು ಗರ್ಭನಿರೋಧಕ ಮಾತ್ರೆ ನಡೀತಾ ಇದೆ. ಬಿಪಿ, ಶುಗರ್ ಇಲ್ಲ. ಎರಡನೇ ಸಿಸೇರಿಯನ್‌ನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಬಿಪಿ ಪೂರಾ ಇಳಿದು ಎಲ್ಲರೂ ಓಡಾಡಿದ್ದರು, ಆಮೇಲೆ ಸರಿಹೋಯಿತು. ಕೆಮ್ಮಿದಾಗ ಹೊಕ್ಕುಳ ಪಕ್ಕ ಸಣ್ಣದೊಂದು ಉಬ್ಬು ಬರುತ್ತದೆ. ನೋವಿಲ್ಲ.

"ಮಾಡಿಸ್ಕೋಬೇಡ" ಅಂತ ಹೇಳೋಕೆ ಮನೆಯಲ್ಲೇ ಜನ ಇದ್ದಾರೆ. ಯಾವ ರಿಸ್ಕಿಗೆ ನಿಜವಾಗಿ ಹೆದರಬೇಕು, ಅದು ಯಾವಾಗ ಬರುತ್ತದೆ, ಅವರನ್ನು ಏನು ಕೇಳಬೇಕು ಅನ್ನುವುದನ್ನು ಗೊತ್ತಿದ್ದವರು ಹೇಳಿ.

---

ಹಳೇಸ್ಕೂಟರ್:

ಮೇಡಂ, ನಾನು ಎದೆ ಮತ್ತು ಪಕ್ಕೆಗೆ ಮಾಡಿಸಿಕೊಂಡವನು. ಟೀಶರ್ಟ್ ಹಾಕೋಕೆ ನಾಚಿಕೆ ಪಡುತ್ತಿದ್ದೆ, ಈಗ ಆರಾಮಾಗಿದ್ದೇನೆ. ಆದರೆ ಫೋಟೋದಲ್ಲಿ ತೋರಿಸದ ಕೆಲವು ವಿಷಯ ಇವೆ.

ಮೊದಲ ರಾತ್ರಿ ಸೋರುತ್ತದೆ. ನಳಿಕೆ ಹಾಕಿದ ತೂತುಗಳನ್ನು ಬಿಗಿಯಾಗಿ ಹೊಲಿದಿರಲಿಲ್ಲ, ಒಳಗೆ ಬಿಟ್ಟ ನೀರು ಹೊರಗೆ ಬರಲಿ ಅಂತ. ಕೆಂಪಗೆ ಬರುತ್ತದೆ, ಟವೆಲ್ ಒದ್ದೆ ಆಗುತ್ತದೆ. ನನ್ನ ಹೆಂಡತಿ ರಕ್ತ ಅಂತ ಗಾಬರಿಯಾಗಿ ಫೋನ್ ಮಾಡಿದಳು. ಬಹುಪಾಲು ಅದು ಒಳಗೆ ತುಂಬಿಸಿದ ಸಲೈನೇ. ಹಾಸಿಗೆ ಮೇಲೆ ಪ್ಲಾಸ್ಟಿಕ್ ಶೀಟ್ ಹಾಕಿಕೊಳ್ಳಿ.

ಆಮೇಲೆ ಆ ಬಿಗಿ ಬಟ್ಟೆ, ಕಂಪ್ರೆಷನ್ ಗಾರ್ಮೆಂಟ್. ವಾರಗಟ್ಟಲೆ ಹಾಕಬೇಕು. ಮೊದಲ ಸಲ ಸ್ನಾನಕ್ಕೆ ಅಂತ ಬಿಚ್ಚಿದಾಗ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದೆ. ಬಿಗಿ ಸಡಿಲ ಆದ ತಕ್ಷಣ ಬಿಪಿ ಇಳಿಯುತ್ತದಂತೆ. ಅವತ್ತು ಬಾಗಿಲು ಚಿಲಕ ಹಾಕಬೇಡಿ, ಒಬ್ಬರು ಜೊತೆಗಿರಲಿ, ಕೂತುಕೊಂಡೇ ಬಿಚ್ಚಿ.

ಊತ ನೋಡಿ ಬೇಜಾರು ಮಾಡ್ಕೋಬೇಡಿ. ಮೊದಲ ಕೆಲವು ವಾರ ನಾನು ಮೊದಲಿಗಿಂತ ದಪ್ಪ ಕಾಣುತ್ತಿದ್ದೆ. ಕಂದಿದ ಬಣ್ಣ ನಿಧಾನಕ್ಕೆ ಕೆಳಗಿಳಿದು ತೊಡೆಸಂದಿ ತನಕ ಬಂತು. (ಗಂಡಸರು ಇದನ್ನು ಮುಂಚೆ ತಿಳಿದುಕೊಂಡಿರುವುದು ಒಳ್ಳೆಯದು, ಇಲ್ಲಾಂದ್ರೆ ಜೀವ ಬಾಯಿಗೆ ಬರುತ್ತದೆ.) ಚರ್ಮದ ಸ್ಪರ್ಶ ಮರಳೋಕೆ ತಿಂಗಳುಗಳೇ ಹಿಡಿದವು. ಎಡಪಕ್ಕೆಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು ಹಾಗೇ ಉಳಿದಿದೆ. ಅದು ಹೋಗಲ್ಲ ಅಂದಿದ್ದಾರೆ.

ಇಷ್ಟೇ ನನ್ನ ಅನುಭವ. ಐದಾರು ಲೀಟರ್ ಬಗ್ಗೆ ಗೊತ್ತಿಲ್ಲ, ನನಗೆ ತೆಗೆದಿದ್ದು ಅದರ ಅರ್ಧವೂ ಇರಲಿಲ್ಲ.

---

ರಿಕವರಿನರ್ಸ್:

ಸಂಜೆಮಲ್ಲಿಗೆ ಅವರೇ, ಆಪರೇಷನ್ ಮುಗಿಸಿ ಬಂದವರನ್ನು ನೋಡಿಕೊಳ್ಳುವ ರಿಕವರಿ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ನರ್ಸ್ ನಾನು. ಡಾಕ್ಟರ್ ಅಲ್ಲ. ಉದ್ದ ಬರೆಯುತ್ತೇನೆ, ಸಮಯ ಇದ್ದಾಗ ಓದಿ.

ಮೊದಲು ಆ ಹೊಕ್ಕುಳ ಪಕ್ಕದ ಉಬ್ಬು. ಅದನ್ನು ಆ ಡಾಕ್ಟರಿಗೆ ಹೇಳಿದಿರಾ? ನಿಲ್ಲಿಸಿ, ಕೆಮ್ಮಿಸಿ ನೋಡಿದರಾ? ಮಲಗಿಸಿ ನೋಡಿದರೆ ಎಷ್ಟೋ ಸಲ ಅದು ಒಳಗೆ ಹೋಗಿಬಿಡುತ್ತದೆ, ಗೊತ್ತೇ ಆಗಲ್ಲ. ಕೆಮ್ಮಿದಾಗ ಬರುವ ಉಬ್ಬು ಹರ್ನಿಯಾ ಇರಬಹುದು. ಅಂದರೆ ಹೊಟ್ಟೆಯ ಗೋಡೆಯಲ್ಲಿ ಒಂದು ಕಿಂಡಿ, ಅದರ ಮೂಲಕ ಒಳಗಿನ ಕೊಬ್ಬೋ ಕರುಳೋ ಚರ್ಮದ ಅಡಿಗೆ ಬಂದು ಕೂತಿರುತ್ತದೆ. ಲೈಪೊ ಮಾಡುವ ಕನ್ನುಲಾ ಉದ್ದನೆಯ ಸ್ಟೀಲ್ ನಳಿಕೆ, ತುದಿ ಮೊಂಡು. ಸರ್ಜನ್ ಅದನ್ನು ಚರ್ಮದ ಅಡಿ ಹಿಂದೆ ಮುಂದೆ ಆಡಿಸುತ್ತಾರೆ. ತುದಿ ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು ಅಂಗೈಯನ್ನು ಚರ್ಮದ ಮೇಲಿಟ್ಟು ಎಲ್ಲಿದೆ ಅಂತ ಅಂದಾಜು ಮಾಡುತ್ತಾರೆ. ಗೋಡೆ ಗಟ್ಟಿ ಇದ್ದರೆ ನಳಿಕೆ ಅದರ ಮೇಲೆ ಜಾರಿ ಹೋಗುತ್ತದೆ. ಕಿಂಡಿ ಇದ್ದರೆ ಒಳಗೇ ಹೋಗಿಬಿಡಬಹುದು. ನಿಮಗೆ ಸಿಸೇರಿಯನ್ ಗಾಯದ ಗುರುತೂ ಇದೆ. ಅಲ್ಲಿ ಒಳಗೆಲ್ಲಾ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ನಳಿಕೆ ದಿಕ್ಕು ತಪ್ಪುತ್ತದೆ.

ಕರುಳಿಗೆ ತೂತಾಗುವುದು ಅಪರೂಪ. ಆದರೆ ಥಿಯೇಟರಲ್ಲಿ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಹೊಟ್ಟೆನೋವು ಜಾಸ್ತಿ ಆಗುತ್ತಾ ಹೋಗುತ್ತದೆ, ಹೊಟ್ಟೆ ಬಿಗಿಯಾಗುತ್ತದೆ, ವಾಂತಿ, ಜ್ವರ, ನಾಡಿ ಓಡೋಕೆ ಶುರುವಾಗುತ್ತದೆ. ಫೋನ್ ಮಾಡಿದರೆ "ಲೈಪೊ ಆದ ಮೇಲೆ ನೋವು ಸಹಜ ಮೇಡಂ" ಅನ್ನುವ ಉತ್ತರ ಬರುವುದು ಇಂಥ ಹೊತ್ತಲ್ಲೇ. ಲೈಪೊ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ ಫೋನಲ್ಲಿ ಕೇಳುತ್ತಾ ಕೂರದೆ ಎಮರ್ಜೆನ್ಸಿಗೆ ಹೋಗಿ.

ಆದ್ದರಿಂದ ಡೇಟ್ ಕೊಡುವ ಮುಂಚೆ ಹೊಟ್ಟೆಯ ಗೋಡೆಯ ಅಲ್ಟ್ರಾಸೌಂಡ್ ಮಾಡಿಸಿ, ಜನರಲ್ ಸರ್ಜನ್ ಒಬ್ಬರಿಗೆ ತೋರಿಸಿ. ಇನ್ನೊಂದು ಲಾಭವೂ ಇದೆ. ಹೆರಿಗೆ ಆದ ಹಲವರಲ್ಲಿ ಹೊಟ್ಟೆಯ ಮುಂಭಾಗದ ಎರಡು ಪಟ್ಟಿ ಸ್ನಾಯು ಮಧ್ಯದಲ್ಲಿ ಬಿಟ್ಟುಕೊಂಡಿರುತ್ತವೆ. ಅದರಿಂದ ಮುಂದೆ ಬಂದ ಹೊಟ್ಟೆ ಎಷ್ಟು ಲೀಟರ್ ಎಳೆದರೂ ಒಳಗೆ ಹೋಗಲ್ಲ. ನಿಮ್ಮ ಹೊಟ್ಟೆಯಲ್ಲಿ ಕೊಬ್ಬು ಎಷ್ಟು, ಸಡಿಲ ಎಷ್ಟು ಅಂತ ಸ್ಕ್ಯಾನ್ ಹೇಳುತ್ತದೆ.

ಇನ್ನು "ಯಾವಾಗ" ಅನ್ನುವ ಪ್ರಶ್ನೆ. ಎಲ್ಲರೂ ಥಿಯೇಟರ್ ಒಳಗಿನ ಎರಡು ಮೂರು ಗಂಟೆಗೆ ಹೆದರುತ್ತಾರೆ. ಅಲ್ಲಿ ಸುತ್ತಲೂ ಜನ ಇರುತ್ತಾರೆ, ಮಾನಿಟರ್ ಕೂಗುತ್ತಿರುತ್ತದೆ. ನನಗೆ ಭಯ ಇರುವುದು ಬಾಗಿಲು ದಾಟಿದ ಮೇಲಿನ ಹೊತ್ತಿನ ಬಗ್ಗೆ. ದೊಡ್ಡ ತೊಂದರೆಗಳು ಬಹಳಷ್ಟು ಆಮೇಲೆ ತಲೆ ಎತ್ತುತ್ತವೆ, ಒಂದೊಂದಕ್ಕೂ ಅದರದೇ ಗಡಿಯಾರ ಇದೆ.

ಮೊದಲನೆಯದು ಮರಗಟ್ಟಿಸುವ ಔಷಧಿ. ಕೊಬ್ಬು ಎಳೆಯುವ ಮುಂಚೆ ಚರ್ಮದ ಅಡಿಗೆ ಲೀಟರ್‌ಗಟ್ಟಲೆ ಸಲೈನ್ ತುಂಬಿಸುತ್ತಾರೆ. ಅದರಲ್ಲಿ ಲಿಡೊಕೇನ್ ಮತ್ತು ಅಡ್ರಿನಲಿನ್ ಇರುತ್ತದೆ. ಟ್ಯೂಮಸೆಂಟ್ ಅನ್ನುತ್ತಾರೆ, 1980ರ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ರೂಢಿಗೆ ತಂದ ವಿಧಾನ. ಅದಕ್ಕೂ ಮುಂಚೆ ಲೈಪೊ ಅಂದರೆ ತುಂಬಾ ರಕ್ತ ಹೋಗುತ್ತಿತ್ತು. ರಕ್ತಸ್ರಾವದ ಮಟ್ಟಿಗೆ ಇದು ದೊಡ್ಡ ಉಪಕಾರವೇ. ಆದರೆ ಡೋಸ್ ಲೆಕ್ಕ ನೋಡಿ. ಅಡ್ರಿನಲಿನ್ ಸೇರಿಸಿದ ಲಿಡೊಕೇನನ್ನು ಮಾಮೂಲಿ ಇಂಜೆಕ್ಷನ್ ಆಗಿ ಕೊಡುವಾಗ ಮಿತಿ ಕೆಜಿ ತೂಕಕ್ಕೆ 7 ಮಿಲಿಗ್ರಾಂ. ಟ್ಯೂಮಸೆಂಟಿನಲ್ಲಿ 35, ಕೆಲವು ಮಾರ್ಗಸೂಚಿಗಳ ಪ್ರಕಾರ 55ರ ತನಕ ಹೋಗುತ್ತಾರೆ. 71 ಕೆಜಿಗೆ 35ರ ಲೆಕ್ಕದಲ್ಲೇ ಸುಮಾರು 2,500 ಮಿಲಿಗ್ರಾಂ. ಕೊಬ್ಬಿನಲ್ಲಿ ರಕ್ತ ಓಡಾಟ ಕಡಿಮೆ, ಔಷಧಿ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ, ಅದಕ್ಕೇ ಅಷ್ಟು ಕೊಡಲು ಆಗುವುದು.

ನಿಧಾನ ಅಂದರೆ ಎಷ್ಟು? ರಕ್ತದಲ್ಲಿ ಅದು ತುತ್ತತುದಿ ಮುಟ್ಟುವುದು ಹೆಚ್ಚುಕಡಿಮೆ 8ರಿಂದ 18 ಗಂಟೆ ಆದ ಮೇಲೆ. ಬೆಳಿಗ್ಗೆ 10ಕ್ಕೆ ಔಷಧಿ ಹಾಕಿದರೆ ಸಂಜೆ 6ರಿಂದ ಬೆಳಗಿನ ಜಾವ 4ರ ನಡುವೆ. ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ? ಮನೆಯಲ್ಲಿ, ನೋವಿನ ಮಾತ್ರೆ ನುಂಗಿ ಮಲಗಿರುತ್ತೀರಿ. ತುಟಿ ಸುತ್ತ ಜುಮ್ ಅನ್ನುವುದು, ಕಿವಿಯಲ್ಲಿ ಗುಂಯ್ ಶಬ್ದ, ಬಾಯಲ್ಲಿ ಲೋಹದ ರುಚಿ, ನಾಲಗೆ ತೊದಲುವುದು, ಮಂಕು ಕವಿಯುವುದು, ಇವು ಔಷಧಿ ಜಾಸ್ತಿ ಆಗಿದೆ ಅನ್ನುವ ಮೊದಲ ಗುರುತುಗಳು. ಅದು ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಪಕ್ಕದಲ್ಲಿ ಕೂತವರಿಗೆ ಇದು "ಸುಸ್ತಾಗಿದ್ದಾಳೆ, ಮಲಗಲಿ ಬಿಡು" ಅನ್ನುವ ಹಾಗೆ ಕಾಣುತ್ತದೆ. ಇದಕ್ಕೆ ಡ್ರಿಪ್‌ನಲ್ಲಿ ಕೊಡುವ ಲಿಪಿಡ್ ಎಮಲ್ಷನ್ ಅಂತ ಮದ್ದು ಇದೆ, ಬೆಳ್ಳಗಿನ ಕೊಬ್ಬಿನ ದ್ರವ. (ಕೊಬ್ಬು ತೆಗೆಸೋಕೆ ಹೋದವರಿಗೆ ಕೊಬ್ಬೇ ಮದ್ದು!) ಅದು ಅವರ ಬಳಿ ಸ್ಟಾಕ್ ಇದೆಯಾ ಅಂತ ಕೇಳಿ. ಆ ಪ್ರಶ್ನೆಗೆ ಅವರ ಮುಖ ಹೇಗಾಗುತ್ತದೆ ಅಂತಲೂ ನೋಡಿ.

ಕೆಲವು ಆಂಟಿಬಯೋಟಿಕ್, ಫಂಗಸ್ ಮಾತ್ರೆ, ಖಿನ್ನತೆಯ ಮಾತ್ರೆಗಳು ಲಿವರ್‌ನಲ್ಲಿ ಲಿಡೊಕೇನ್ ಕರಗುವುದನ್ನು ತಡಮಾಡುತ್ತವೆ. ಹಾಗಾಗಿ ನೀವು ನುಂಗುವುದೆಲ್ಲವನ್ನೂ ಹೇಳಿ, ತೂಕ ಇಳಿಸುವ ಇಂಜೆಕ್ಷನ್ ಇದ್ದರೆ ಅದನ್ನೂ. ಅದು ಹೊಟ್ಟೆ ಖಾಲಿ ಆಗುವುದನ್ನು ನಿಧಾನ ಮಾಡುತ್ತದೆ, ಉಪವಾಸ ಇದ್ದರೂ ಅನಸ್ತೇಸಿಯಾ ಹೊತ್ತಲ್ಲಿ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು.

ಈಗ ಲೀಟರ್. ಹೀರಿದ್ದೆಲ್ಲಾ ಒಂದು ಪಾರದರ್ಶಕ ಡಬ್ಬಿಗೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಹಳದಿ ಕೊಬ್ಬು ಮೇಲೆ ತೇಲುತ್ತದೆ, ಗುಲಾಬಿ ಬಣ್ಣದ ನೀರು ಕೆಳಗೆ ನಿಲ್ಲುತ್ತದೆ. ಲೀಟರ್ ಅಂತ ಹೇಳುವುದು ಎರಡೂ ಸೇರಿಸಿ. ಒಟ್ಟು 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣದ ಲೈಪೊಸಕ್ಷನ್ ಅಂತಲೇ ಕರೆಯುತ್ತಾರೆ. ಅಂಥವರನ್ನು ಆಸ್ಪತ್ರೆಯಲ್ಲೋ ಮಾನ್ಯತೆ ಪಡೆದ ಕೇಂದ್ರದಲ್ಲೋ ರಾತ್ರಿ ಇಟ್ಟುಕೊಂಡು ನೋಡಬೇಕು ಅನ್ನುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ ಸಲಹೆ. ದೇಹದ ನೀರಿನ ಲೆಕ್ಕ ಏರುಪೇರಾಗಿರುತ್ತದೆ. ಕಡಿಮೆ ಆದರೆ ಬಿಪಿ ಬೀಳುತ್ತದೆ, ಡ್ರಿಪ್ ಜಾಸ್ತಿ ಆದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ರಾತ್ರಿ ಎಷ್ಟು ಮೂತ್ರ ಹೋಯಿತು ಅಂತ ಗಂಟೆಗಂಟೆಗೂ ನಾವು ಅಳೆದು ಬರೆಯುವುದು ಇದಕ್ಕೇ. ನಿಮಗೆ ಹೇಳಿದ "ಐದಾರು ಲೀಟರ್" ಮತ್ತು "ಸಂಜೆ ಮನೆಗೆ" ಎರಡೂ ಒಟ್ಟಿಗೆ ಕೂರುವ ಮಾತುಗಳಲ್ಲ.

ಒಂದರಿಂದ ಮೂರು ದಿನದೊಳಗೆ ಬರುವಂಥದ್ದು ಫ್ಯಾಟ್ ಎಂಬಾಲಿಸಂ. ಒಡೆದ ಕೊಬ್ಬಿನ ಹನಿಗಳು ರಕ್ತನಾಳ ಸೇರಿ ಶ್ವಾಸಕೋಶ, ಮಿದುಳಿನ ತನಕ ಹೋಗುತ್ತವೆ. ಉಸಿರು ಮೇಲೆ ಕೆಳಗೆ ಆಗುವುದು, ಗೊಂದಲದ ಮಾತು, ಎದೆ ಕಂಕುಳ ಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆ. ಇದೂ ಅಪರೂಪ, ಆದರೆ ಬಂದರೆ ಐಸಿಯು ಬೇಕೇ ಬೇಕು.

ದಿನಗಳಿಂದ ವಾರಗಳ ತನಕ ಕಾಡುವುದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗುವುದು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನು ಕೇಳಿ 2000ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆ ಇದೆ. 1990ರ ದಶಕದ ಸುಮಾರು 5 ಲಕ್ಷ ಲೈಪೊಗಳಲ್ಲಿ 95 ಸಾವು, ಅಂದರೆ ಹೆಚ್ಚುಕಡಿಮೆ 5,000ಕ್ಕೆ ಒಂದು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ ಹೆಪ್ಪು, ಸುಮಾರು ಕಾಲು ಭಾಗ. ಲೆಕ್ಕ ಹಳೆಯದು, ಈಗ ಎಚ್ಚರ ಜಾಸ್ತಿ ಆಗಿದೆ. ಆದರೂ ಯಾವುದರಿಂದ ಜೀವ ಹೋಗುತ್ತದೆ ಅನ್ನುವುದಕ್ಕೆ ಅದು ಒಳ್ಳೆಯ ಕನ್ನಡಿ. ನಿಮ್ಮ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್ ಇದ್ದರೆ ಹೆಪ್ಪಿನ ಸಾಧ್ಯತೆ ಏರುತ್ತದೆ. ಆಪರೇಷನ್‌ಗೆ ಕೆಲವು ವಾರ ಮುಂಚೆಯೇ ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಕೇಳಿ, ನೀವಾಗೇ ನಿಲ್ಲಿಸಬೇಡಿ, ಬೇರೆ ವ್ಯವಸ್ಥೆ ಆಗಬೇಕಲ್ಲ. ಆಪರೇಷನ್ ಉದ್ದ ಆದಷ್ಟೂ, ಬೇರೆ ಆಪರೇಷನ್ ಜೊತೆ ಸೇರಿಸಿದಷ್ಟೂ ಇದು ಜಾಸ್ತಿ. "ಜೊತೆಗೇ ಮುಗಿಸಿಬಿಡಿ" ಅನ್ನುವ ಮಾತು ನನಗೆ ಹಿಡಿಸದೇ ಇರುವುದು ಇದಕ್ಕೇ. ಅವತ್ತೇ ಸಂಜೆ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಉಸಿರು ಎಳೆದರೆ ಎದೆ ಚುಚ್ಚುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಸೋಂಕಿನಲ್ಲೂ ಒಂದು ಕೆಟ್ಟದ್ದಿದೆ. ಚರ್ಮದ ಮೇಲೆ ನೋಡಿದರೆ ಅಂಥದ್ದೇನೂ ಕಾಣಲ್ಲ, ರೋಗಿ ಮಾತ್ರ ನೋವಿಗೆ ಕಿರುಚುತ್ತಾರೆ. ಗಂಟೆಗಳಲ್ಲಿ ಅಲ್ಲಿ ನೇರಳೆ ಬಣ್ಣ ಹಬ್ಬುತ್ತದೆ. ನಮ್ಮ ವಾರ್ಡಿಗೆ ಹೀಗೆ ಬೇರೆ ಕಡೆ ಮಾಡಿಸಿಕೊಂಡು ಬಂದವರೊಬ್ಬರು ಇದ್ದರು. ಹೊದಿಕೆಯ ಅಂಚು ತಾಗಿದರೂ ಕೈ ಹಿಡಿದು ತಡೆಯುತ್ತಿದ್ದರು. ಗಾಯದ ಸೈಜಿಗೂ ನೋವಿಗೂ ತಾಳೆಯೇ ಇರಲಿಲ್ಲ. ಡ್ಯೂಟಿ ಡಾಕ್ಟರು ಅದನ್ನು ಹಿಡಿದರು, ಆಪರೇಷನ್ ಮಾಡಿ ಕೊಳೆತ ಭಾಗ ತೆಗೆದರು, ಬದುಕಿದರು. ಮೊದಲು ಮಾಡಿದ ಜಾಗದವರು ಎರಡು ದಿನ ಫೋನಲ್ಲೇ ನೋವಿನ ಮಾತ್ರೆ ಬದಲಾಯಿಸುತ್ತಾ ಇದ್ದರಂತೆ.

ನೀರು ತುಂಬಿಕೊಳ್ಳುವುದು, ಏರಿಳಿತ, ಸಡಿಲ ಚರ್ಮ, ಮರಗಟ್ಟುವುದು, ಕಪ್ಪು ಕಲೆ, ಇವೆಲ್ಲಾ ಸಾಮಾನ್ಯ. ಹಳೇಸ್ಕೂಟರ್ ಅವರು ಚೆನ್ನಾಗಿ ಹೇಳಿದ್ದಾರೆ. ಜೀವಕ್ಕೆ ತೊಂದರೆ ಇಲ್ಲ, ಕನ್ನಡಿ ಮುಂದೆ ಬೇಜಾರು ಅಷ್ಟೇ.

ಏನು ಕೇಳಬೇಕು ಅಂದಿರಿ. ಅನಸ್ತೇಸಿಯಾ ಡಾಕ್ಟರ್ ಯಾರು, ಆಪರೇಷನ್ ಪೂರ್ತಿ ರೂಮಲ್ಲೇ ಇರುತ್ತಾರಾ ಅಂತ ಕೇಳಿ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲೇ ತರಬೇತಿ ಪಡೆದವರಾ ಅಂತ ಕೇಳಿ, ಗೋಡೆ ಮೇಲಿನ ಎರಡು ದಿನದ ವರ್ಕ್‌ಶಾಪ್ ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ. ನನ್ನ ತೂಕಕ್ಕೆ ಒಟ್ಟು ಎಷ್ಟು ಮಿಲಿಗ್ರಾಂ ಲಿಡೊಕೇನ್ ಆಗುತ್ತದೆ ಅಂತ ಬಾಯಿಬಿಟ್ಟು ಕೇಳಿ. ರಾತ್ರಿ 2 ಗಂಟೆಗೆ ಫೋನ್ ಮಾಡಿದರೆ ಎತ್ತುವುದು ಯಾರು, ಡಾಕ್ಟರಾ ಕೌನ್ಸೆಲರಾ? ಹೆಚ್ಚುಕಡಿಮೆ ಆದರೆ ಯಾವ ಆಸ್ಪತ್ರೆಯ ಐಸಿಯುಗೆ ಕಳಿಸುತ್ತೀರಿ, ಅಲ್ಲಿ ನಿಮ್ಮ ಸರ್ಜನ್‌ಗೆ ರೋಗಿಯನ್ನು ಅಡ್ಮಿಟ್ ಮಾಡುವ ಅವಕಾಶ ಇದೆಯಾ? ಮತ್ತೆ ಆ ಬಿಪಿ ಇಳಿದ ಕಥೆಯನ್ನು ಅನಸ್ತೇಸಿಯಾ ಡಾಕ್ಟರಿಗೆ ನೀವೇ ಹೇಳಿ.

---

ಬೆಳಗಿನಓಟ:

ಇಷ್ಟೆಲ್ಲಾ ಓದಿದ ಮೇಲೂ ಮಾಡಿಸಬೇಕಾ? ಸುಮ್ನೆ ದುಡ್ಡು ದಂಡ. ದಿನಾ ಬೆಳಿಗ್ಗೆ ಎದ್ದು ಓಡಿ. ನಮ್ಮ ಆಫೀಸಲ್ಲಿ ಒಬ್ಬರು ಶುಗರ್ ಕಂಟ್ರೋಲ್‌ಗೆ ಬರುತ್ತೆ ಅಂತ ಲೈಪೊ ಮಾಡಿಸಿದರು, ಶುಗರ್ ಇದ್ದ ಹಾಗೇ ಇದೆ.

---

ರಿಕವರಿನರ್ಸ್:

ಶುಗರ್ ವಿಷಯದಲ್ಲಿ ನಿಮ್ಮ ಮಾತು ಸರಿ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಬೊಜ್ಜಿರುವ 15 ಹೆಂಗಸರಿಗೆ ಹೊಟ್ಟೆಯಿಂದ 10 ಕೆಜಿ ಆಸುಪಾಸು ಕೊಬ್ಬು ತೆಗೆದರು. ಕೆಲವು ವಾರ ಬಿಟ್ಟು ಪರೀಕ್ಷೆ ಮಾಡಿದರೆ ಇನ್ಸುಲಿನ್ ಕೆಲಸ, ಬಿಪಿ, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಿರಲಿಲ್ಲ. ಲೈಪೊ ತೆಗೆಯುವುದು ಚರ್ಮದ ಅಡಿಯ ಕೊಬ್ಬನ್ನು. ಶುಗರ್‌ಗೆ ಹೆಚ್ಚು ಕಾಟ ಕೊಡುವುದು ಕರುಳಿನ ಸುತ್ತ, ಲಿವರಲ್ಲಿ ಇರುವ ಕೊಬ್ಬು. ಅಲ್ಲಿಗೆ ನಳಿಕೆ ಹೋಗುವುದಿಲ್ಲ, ಹೋಗಲೂಬಾರದು. 2011ರಲ್ಲಿ ಬಂದ ಇನ್ನೊಂದು ಸಣ್ಣ ಅಧ್ಯಯನದಲ್ಲಿ, ತೊಡೆ, ಸೊಂಟ, ಕೆಳಹೊಟ್ಟೆಯಂಥ ಕಡೆ ಕೊಬ್ಬು ತೆಗೆಸಿಕೊಂಡವರಿಗೆ ವರ್ಷದೊಳಗೆ ಒಟ್ಟು ಕೊಬ್ಬು ವಾಪಸ್ ಬಂದಿತ್ತು, ಬಂದಿದ್ದು ಮುಖ್ಯವಾಗಿ ಹೊಟ್ಟೆಗೆ. ಸಂಜೆಮಲ್ಲಿಗೆ ಅವರೇ, ಕೇಳದೇ ಇದ್ದ ತೊಡೆ ಮಾಡಿಸುವ ಮುಂಚೆ ಇದನ್ನು ನೆನಪಿಡಿ.

ಆದರೆ ಓಟದವರೇ, ಅವರು ಕೇಳಿದ್ದು ಆಕಾರದ ಬಗ್ಗೆ. ತೂಕ ಇಳಿಸಿ, ವರ್ಷ ಪೂರ್ತಿ ಉಳಿಸಿಕೊಂಡಿದ್ದಾರೆ. ಅವರಿಗೆ ಓಡಿ ಅಂತ ನಾವು ಹೇಳೋದು ಏನು ಚೆನ್ನ.

---

ತಿಂಗಳಬೆಳಕು:

ಆಪರೇಷನ್ನೇ ಬೇಡ ಅನ್ನೋರಿಗೆ ಫ್ಯಾಟ್ ಫ್ರೀಜಿಂಗ್, ಕೊಬ್ಬು ಕರಗಿಸೋ ಇಂಜೆಕ್ಷನ್ ಇದೆಯಲ್ಲ? ಅದು ಸೇಫ್ ಅಲ್ವಾ ಸಿಸ್ಟರ್?

---

ರಿಕವರಿನರ್ಸ್:

ಫ್ರೀಜಿಂಗ್‌ನಲ್ಲಿ ಜೀವಕ್ಕೆ ಅಪಾಯ ತೀರಾ ಕಡಿಮೆ. ಆದರೆ ಕೆಲವರಿಗೆ ಉಲ್ಟಾ ಹೊಡೆಯುತ್ತದೆ. ತಣ್ಣಗೆ ಮಾಡಿದ ಜಾಗದ ಕೊಬ್ಬು ಕರಗುವ ಬದಲು ಕೆಲವು ತಿಂಗಳಲ್ಲಿ ಗಟ್ಟಿಯಾಗಿ ಬೆಳೆದು, ಯಂತ್ರದ ಅಚ್ಚು ಹೇಗಿತ್ತೋ ಅದೇ ಆಕಾರದಲ್ಲಿ ನಿಂತುಬಿಡುತ್ತದೆ. ಹೆಸರಾಂತ ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ ತಮಗೆ ಹೀಗಾಯಿತು ಅಂತ 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅದು ತಾನಾಗಿ ಇಳಿಯುವುದಿಲ್ಲ, ಸಾಮಾನ್ಯವಾಗಿ ಲೈಪೊ ಮಾಡಿಯೇ ತೆಗೆಯಬೇಕು.

ಇಂಜೆಕ್ಷನ್ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು. ಡಿಆಕ್ಸಿಕೋಲಿಕ್ ಆಸಿಡ್ ಅನ್ನುವುದಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿದೆ, ಅದೂ ಗಲ್ಲದ ಕೆಳಗಿನ ಕೊಬ್ಬಿಗೆ ಮಾತ್ರ. ಹೊಟ್ಟೆಗೆ, ತೋಳಿಗೆ ಅಂತ ಪಾರ್ಲರ್‌ಗಳಲ್ಲಿ, ಆನ್‌ಲೈನಲ್ಲಿ ಸಿಗುವ ಬಾಟಲಿಗಳಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಅದರಿಂದ ಚರ್ಮ ಸುಟ್ಟು, ಗಂಟು ಕಟ್ಟಿ, ಸೋಂಕಾಗಿ ಬಂದವರ ಬಗ್ಗೆ ಎಫ್‌ಡಿಎ ಕೂಡ ಎಚ್ಚರಿಸಿದೆ.

ಸಂಜೆಮಲ್ಲಿಗೆ ಅವರೇ, ಆ ಹಿಂಭಾಗಕ್ಕೆ ತುಂಬಿಸುವ ಪ್ಯಾಕೇಜ್ ಬಗ್ಗೆ ಆಗ ಬರೆಯಲು ಬಿಟ್ಟುಹೋಯಿತು. ಕಾಸ್ಮೆಟಿಕ್ ಆಪರೇಷನ್‌ಗಳಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚು ಕಂಡಿದ್ದು ಅದರಲ್ಲೇ. ಪ್ಲಾಸ್ಟಿಕ್ ಸರ್ಜನ್‌ಗಳ ಸಂಘಗಳೇ ಸೇರಿ 2018ರಲ್ಲಿ ಎಚ್ಚರಿಕೆ ಕೊಟ್ಟವು. ಆಗಿನ ಅಂದಾಜು 3,000ಕ್ಕೆ ಒಂದರ ತನಕ ಇತ್ತು. ಕೊಬ್ಬನ್ನು ಆಳಕ್ಕೆ, ಸ್ನಾಯುವಿನೊಳಗೆ ಚುಚ್ಚಿದರೆ ಅಲ್ಲಿನ ದಪ್ಪ ರಕ್ತನಾಳ ಸೇರಿ ನೇರ ಹೃದಯ, ಶ್ವಾಸಕೋಶಕ್ಕೆ ಹೋಗಬಹುದು. ಟೇಬಲ್ ಮೇಲೇ ಜೀವ ಹೋಗಬಹುದು. ರಿಯಾಯಿತಿಯಲ್ಲಿ ಬರುವುದನ್ನೆಲ್ಲಾ ತಗೋಬೇಕು ಅಂತೇನಿಲ್ಲ.

---

ಸಂಜೆಮಲ್ಲಿಗೆ:

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ನೀವು ಹೇಳಿದ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಫೋನ್ ಮಾಡಿದೆ. ಅನಸ್ತೇಸಿಯಾ ಡಾಕ್ಟರ್ "ಅವಶ್ಯಕತೆ ಇದ್ರೆ ಬರ್ತಾರೆ" ಅಂದರು. ಲಿಡೊಕೇನ್ ಎಷ್ಟು ಅಂತ ಕೇಳಿದ್ದಕ್ಕೆ "ಅದೆಲ್ಲಾ ಡಾಕ್ಟರ್ ನೋಡ್ಕೋತಾರೆ, ನೀವ್ಯಾಕೆ ಟೆನ್ಷನ್ ತಗೋತೀರಾ" ಅಂದರು. ರಾತ್ರಿ ಫೋನ್ ಎತ್ತುವವರು ಅದೇ ಕೌನ್ಸೆಲರ್. ಲಿಪಿಡ್ ಎಮಲ್ಷನ್ ಅಂದಾಗ ಒಂದು ನಿಮಿಷ ಹೋಲ್ಡ್‌ನಲ್ಲಿಟ್ಟು, ಆಮೇಲೆ ಸ್ಪೆಲ್ಲಿಂಗ್ ಕೇಳಿದರು! ಡೇಟ್ ಕ್ಯಾನ್ಸಲ್ ಮಾಡಿದೆ. ಅಡ್ವಾನ್ಸ್ ವಾಪಸ್ ಕೊಡ್ತಾರೋ ಇಲ್ವೋ, ಅದು ಬೇರೆ ಜಗಳ.

ಅಲ್ಟ್ರಾಸೌಂಡ್ ಆಯಿತು. ಹೊಕ್ಕುಳ ಪಕ್ಕ ಹರ್ನಿಯಾ ಇದೆ, ಸಣ್ಣದು. ಸ್ನಾಯು ಬಿಟ್ಟುಕೊಂಡಿರುವುದೂ ಇದೆ. ಜನರಲ್ ಸರ್ಜನ್ ನಿಲ್ಲಿಸಿ, ಕೆಮ್ಮಿಸಿ ನೋಡಿದರು. ಇದನ್ನು ಸರಿಮಾಡದೆ ಆ ಜಾಗದಲ್ಲಿ ಯಾರೂ ನಳಿಕೆ ಹಾಕಬಾರದು ಅಂದರು. ಹೊಟ್ಟೆ ಮುಂದೆ ಕಾಣುವುದಕ್ಕೆ ಅರ್ಧ ಕಾರಣ ಸ್ನಾಯುವೇ ಅಂತಲೂ ಹೇಳಿದರು. ನಾನು ಇಷ್ಟು ವರ್ಷ ಕೊಬ್ಬಿಗೇ ಬೈಯುತ್ತಿದ್ದೆ.

ಈಗ ಆಸ್ಪತ್ರೆಯೊಂದರಲ್ಲೇ ಇರುವ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ. ಸೊಂಟಕ್ಕೆ ಮಾತ್ರ ಲೈಪೊ ಆಸೆ ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ. ಹರ್ನಿಯಾ ಮತ್ತು ಲೈಪೊ ಒಂದೇ ಸಲ ಮಾಡಿಸಬಹುದಾ? ಹೋಗುವಾಗ ಏನೇನು ತಗೊಂಡು ಹೋಗಲಿ?

---

ರಿಕವರಿನರ್ಸ್:

ಒಂದೇ ಸಲವಾ, ಬೇರೆ ಬೇರೆಯಾ ಅನ್ನುವುದನ್ನು ಆ ಇಬ್ಬರು ಸರ್ಜನ್‌ಗಳೂ ಅನಸ್ತೇಸಿಯಾ ಡಾಕ್ಟರೂ ಮಾತಾಡಿಕೊಂಡು ಹೇಳಲಿ. ನೀವು ಮಧ್ಯೆ ಮಾತು ಸಾಗಿಸುವವರಾಗಬೇಡಿ, ಅವರವರೇ ಫೋನ್ ಮಾಡಿಕೊಳ್ಳಲಿ ಅಂತ ಕೇಳಿ. ಹರ್ನಿಯಾಗೆ ಮೆಶ್ (ಕಿಂಡಿ ಮುಚ್ಚುವ ಬಲೆಯಂಥ ತುಂಡು) ಹಾಕುವುದಾದರೆ ಸೋಂಕಿನ ಲೆಕ್ಕವೂ ಬರುತ್ತದೆ, ಕೆಲವರು ಬೇರೆ ಬೇರೆ ಮಾಡುವುದನ್ನೇ ಇಷ್ಟಪಡುತ್ತಾರೆ.

ಅಲ್ಟ್ರಾಸೌಂಡ್ ರಿಪೋರ್ಟ್ ತಗೊಂಡು ಹೋಗಿ. ಎರಡನೇ ಸಿಸೇರಿಯನ್‌ನ ಡಿಸ್ಚಾರ್ಜ್ ಸಮ್ಮರಿ ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಆ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ಕೇಳಿ, ಅನಸ್ತೇಸಿಯಾ ಚಾರ್ಟ್ ಅಂತಲೇ ಕೇಳಬೇಕು, ಬಿಪಿ ಎಷ್ಟಕ್ಕೆ ಇಳಿದಿತ್ತು, ಏನು ಕೊಟ್ಟು ಏರಿಸಿದರು ಅಂತ ಅದರಲ್ಲಿರುತ್ತದೆ. ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್ಪನ್ನೇ ಬ್ಯಾಗಲ್ಲಿ ಹಾಕಿಕೊಳ್ಳಿ, ಈಸ್ಟ್ರೋಜನ್ ಇದೆಯಾ ಅಂತ ಅವರು ನೋಡಿ ಹೇಳುತ್ತಾರೆ. ಥೈರಾಯ್ಡ್ ಪರೀಕ್ಷೆ ಹಳೆಯದಾಗಿದ್ದರೆ ಹೊಸದಾಗಿ ಮಾಡಿಸಿ. ಅಡ್ವಾನ್ಸ್ ರಸೀದಿ ಇಟ್ಟುಕೊಂಡಿದ್ದೀರಾ ತಾನೇ? ವಾಪಸ್ ಕೇಳುವುದನ್ನು ಫೋನಲ್ಲಿ ಬೇಡ, ಬರವಣಿಗೆಯಲ್ಲಿ ಕೇಳಿ.